ಮಗಳಿಗೆ ಗಿಳಿ ಬೇಕಂತೆ. ತರುವುದು ಸರಿ, ಸಾಕುವುದಕ್ಕೆ ಎಷ್ಟು ಖರ್ಚು?

ಸುಂಟಿಕೊಪ್ಪದ ಅಪ್ಪ
ಎಲ್ಲರಿಗೂ ನಮಸ್ಕಾರ. ಇಲ್ಲಿ ನನ್ನ ಮೊದಲ ಪ್ರಶ್ನೆ. ತಪ್ಪಿದ್ದರೆ ಬೈಯಬೇಡಿ.

ಮಗಳಿಗೆ ಒಂಬತ್ತು ವರ್ಷ. ಹೋದ ತಿಂಗಳು ಮೈಸೂರಿಗೆ ಒಂದು ಮದುವೆಗೆ ಹೋಗಿದ್ದೆವು. ಉಳಿದುಕೊಂಡ ನೆಂಟರ ಮನೆಯಲ್ಲಿ ಹಳದಿ, ಕಿತ್ತಳೆ ಬಣ್ಣದ ಒಂದು ಗಿಳಿ. ಸನ್ ಕನ್ಯೂರ್ ಅಂತೆ. ಅದು ಹಾರಿ ಬಂದು ಇವಳ ಹೆಗಲ ಮೇಲೆ ಕೂತು ಓಲೆ ಎಳೆಯಿತು. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಗಣಿತದ ಪುಸ್ತಕದ ತುಂಬ ಗಿಳಿ ಚಿತ್ರ.

ಬರುವಾಗ ಅಲ್ಲೇ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಲವ್ ಬರ್ಡ್ಸ್ ಜೋಡಿಗೆ 600. ಕಾಕಟೀಲ್ ಜೋಡಿಗೆ 4,000. ಸನ್ ಕನ್ಯೂರ್ ಒಂದಕ್ಕೇ 13,000 ಹೇಳಿದ. ಪಕ್ಕದ ತೋಟದವರು ನಗುತ್ತಾರೆ. "ಸುಮ್ನೆ ಯಾಕೆ ದುಡ್ಡು ಹಾಳು? ಪೊಟರೆಯಲ್ಲಿ ಹಸಿರು ಗಿಳಿ ಮರಿ ಸಿಗುತ್ತೆ, ಹುಡುಗರಿಗೆ 500 ಕೊಟ್ಟರೆ ಇಳಿಸಿಕೊಡುತ್ತಾರೆ" ಅಂತ.

ನಮ್ಮದು ಮೂರು ಎಕರೆ ಕಾಫಿ, ಹಂಚಿನ ಮನೆ. ಹಗಲು ಅತ್ತೆ ಒಬ್ಬರೇ ಇರುತ್ತಾರೆ. ಕೊಡಗಿನ ಮಳೆಗಾಲ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಒಟ್ಟು ಹತ್ತು ಸಾವಿರ, ತಿಂಗಳಿಗೆ ಐನೂರು ಅಂತ ಇಟ್ಟುಕೊಂಡಿದ್ದೇನೆ. ಸಾಕಾಗುತ್ತದೆಯಾ? ಸಾಕಿದವರು ನಿಜವಾದ ಲೆಕ್ಕ ಹೇಳಿ.

ಪೊನ್ನಂಪೇಟೆ ಕಾವೇರಿ
ಮೊದಲು ಆ ಪೊಟರೆ ಮರಿ ವಿಷಯ ಮರೆತುಬಿಡಿ. ಉಳಿದದ್ದು ಆಮೇಲೆ.

ಕರಿಕೋಟು
ಅಕ್ಕ ಹೇಳಿದ್ದು ಸರಿ. ನಾನು ವಕೀಲ, ಆದರೆ ಇದು ಫೀಸಿಲ್ಲದ ಸಲಹೆ.

ನಮ್ಮ ತೋಟಕ್ಕೆ ಬರುವ ಯಾವ ಗಿಳಿಯೂ ಸಾಕುವ ಹಕ್ಕಿಯಲ್ಲ. ಕೊರಳಿಗೆ ಗುಲಾಬಿ ಉಂಗುರ ಇರುವ ಹಸಿರು ಗಿಳಿ, ದೊಡ್ಡ ಅಲೆಕ್ಸಾಂಡ್ರೈನ್, ಕೆಂಪು ತಲೆಯದು, ನಮ್ಮ ಘಟ್ಟದಲ್ಲಿ ಮಾತ್ರ ಇರುವ ನೀಲಿ ರೆಕ್ಕೆಯದು, ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತವೆ. ಹಿಡಿಯುವುದೂ ತಪ್ಪು, ಮಾರುವುದೂ ತಪ್ಪು, ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು. 2022ರ ತಿದ್ದುಪಡಿ ಆದಮೇಲೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಬೀಳಬಹುದು. ನಿಮ್ಮ 500 ರೂಪಾಯಿ ಮರಿಗೆ ಅದನ್ನೂ ಸೇರಿಸಿ ಲೆಕ್ಕ ಹಾಕಿ.

ಮೂರ್ನಾಡು ಮಾವ
ನಮ್ಮ ಅಜ್ಜಿ ಮನೆಯಲ್ಲಿ ಹದಿನೆಂಟು ವರ್ಷ ಹಸಿರು ಗಿಳಿ ಇತ್ತು. ಫಾರೆಸ್ಟರ್ ಬಂದು ಅದರ ಪಕ್ಕದಲ್ಲೇ ಕೂತು ಕಾಫಿ ಕುಡಿದು ಹೋಗುತ್ತಿದ್ದ. ಯಾರೂ ಏನೂ ಕೇಳಲಿಲ್ಲ. ಈಗ ಎಲ್ಲದಕ್ಕೂ ಕಾನೂನು.

ಕರಿಕೋಟು
ಮಾವ, ಆಗ ಯಾರೂ ಕೇಳಲಿಲ್ಲ ಅಂದರೆ ಈಗ ಸರಿ ಅಂತಲ್ಲ. ಆಗ ಹೆಲ್ಮೆಟ್ಟೂ ಕೇಳುತ್ತಿರಲಿಲ್ಲ.

ಮೂರ್ನಾಡು ಮಾವ
ಸರಿ ವಕೀಲರೇ. ಆದರೆ ಒಂದು ಹೇಳಿ. ಹೋದ ವರ್ಷ ಒಣಗಿದ ಸಿಲ್ವರ್ ಓಕ್ ಕಡಿಸಿದೆ. ಮರ ಬಿದ್ದಾಗ ಪೊಟರೆಯಿಂದ ಎರಡು ಮರಿ ಹೊರಗೆ ಬಂದವು. ಪುಕ್ಕವೂ ಬಂದಿರಲಿಲ್ಲ. ಬಿಟ್ಟು ಬಂದರೆ ಇರುವೆ ತಿನ್ನುತ್ತದೆ. ಏನು ಮಾಡಬೇಕಿತ್ತು?

ಕರಿಕೋಟು
ಒಳ್ಳೆಯ ಪ್ರಶ್ನೆ. ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅದು ಸರ್ಕಾರದ ಆಸ್ತಿ. ಹೇಗೇ ಕೈಗೆ ಬಂದಿರಲಿ, 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಯವರಿಗೋ ತಿಳಿಸಬೇಕು. ಬೆಚ್ಚಗೆ ಒಂದು ರಟ್ಟಿನ ಡಬ್ಬಿಯಲ್ಲಿ ಇಟ್ಟು ರೇಂಜ್ ಆಫೀಸಿಗೆ ಫೋನ್ ಮಾಡಿದರೆ ಆಯಿತು. ಕಾಪಾಡಿದ್ದಕ್ಕೆ ಯಾರೂ ಜೈಲಿಗೆ ಹಾಕುವುದಿಲ್ಲ. ಹೆಸರಿಟ್ಟು ಪಂಜರ ತಂದರೆ ಕಥೆ ಬೇರೆ. ಇನ್ನು ಮರ ಕಡಿಸುವುದಕ್ಕೆ ಮೊದಲು ಪೊಟರೆ ನೋಡಿಸಿ ಮಾವ.

ಮೂರ್ನಾಡು ಮಾವ
ನೋಡಿಸಿದ್ದೆ. ಹುಡುಗ ಇಲ್ಲ ಅಂದ. ಒಂದು ಮರಿ ಸತ್ತಿತು, ಇನ್ನೊಂದನ್ನು ಅವರೇ ಬಂದು ತೆಗೆದುಕೊಂಡು ಹೋದರು.

ಹಕ್ಕಿಹುಚ್ಚು ಸೋಮ್ವಾರಪೇಟೆ
ಇನ್ನೊಂದು ತಿದ್ದುಪಡಿ. ಅಂಗಡಿಯವನು 600ಕ್ಕೆ ಹೇಳಿದ್ದು ಲವ್ ಬರ್ಡ್ಸ್ ಅಲ್ಲ, ಬಡ್ಜಿ. ನಮ್ಮ ಕಡೆ ಎಲ್ಲರೂ ಬಡ್ಜಿಗೇ ಲವ್ ಬರ್ಡ್ಸ್ ಅನ್ನುತ್ತಾರೆ. ಬಡ್ಜಿ ಆಸ್ಟ್ರೇಲಿಯಾದ ಸಣ್ಣ ಗಿಳಿ, ಕಾಕಟೀಲ್ ಕೂಡ ಅಲ್ಲಿಯದೇ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಕುಳ್ಳಗೆ, ದಪ್ಪಗೆ, ಬಾಲ ಮೊಂಡು, ಕಚ್ಚುವುದರಲ್ಲಿ ಎತ್ತಿದ ಕೈ.

ಈಗ ಲೆಕ್ಕ. ನಾನು ಆರು ವರ್ಷದಿಂದ ಕಾಕಟೀಲ್ ಜೋಡಿ ಸಾಕಿದ್ದೇನೆ. ಹಕ್ಕಿಗೆ ಕೊಟ್ಟದ್ದು 3,500. ಪಂಜರಕ್ಕೆ ಕೊಟ್ಟದ್ದು 4,200. ಹೌದು, ಹಕ್ಕಿಗಿಂತ ಪಂಜರಕ್ಕೇ ಜಾಸ್ತಿ. ಮೊದಲು ಅಂಗಡಿಯವನು 900 ರೂಪಾಯಿಯ ಗುಂಡನೆಯ ಪಂಜರ ಹಿಡಿಸಿದ್ದ. ಅದರಲ್ಲಿ ಹಕ್ಕಿ ರೆಕ್ಕೆ ಬಿಚ್ಚಿದರೆ ಎರಡೂ ಕಡೆ ತಾಗುತ್ತಿತ್ತು. ಮೂರೇ ತಿಂಗಳು, ಈಗ ಅದರಲ್ಲಿ ಈರುಳ್ಳಿ ನೇತು ಹಾಕಿದ್ದೇವೆ. ಆ 900 ನನ್ನ ದಡ್ಡತನದ ಖರ್ಚು.

ತಿಂಗಳ ಖರ್ಚು ನಿಜಕ್ಕೂ ಕಮ್ಮಿ. ಜೋಡಿಗೆ ಒಂದು ಕಿಲೋ ಹತ್ತಿರ ಕಾಳು ಬೇಕು. ನವಣೆ, ಸಜ್ಜೆ, ಒಂದಿಷ್ಟು ಸೂರ್ಯಕಾಂತಿ ಬೀಜ. ಸೂರ್ಯಕಾಂತಿ ಕಮ್ಮಿ ಇರಲಿ, ಬರೀ ಕೊಬ್ಬು. ಅದು ನಮಗೆ ಚಕ್ಕುಲಿ ಇದ್ದ ಹಾಗೆ, ಬಿಟ್ಟರೆ ಮೂರು ಹೊತ್ತೂ ಅದನ್ನೇ ತಿನ್ನುತ್ತವೆ. ಜೊತೆಗೆ ಮನೆಯ ಸೊಪ್ಪು, ಕ್ಯಾರೆಟ್, ಜೋಳದ ತೆನೆ. ಸುಣ್ಣದ ಅಂಶಕ್ಕೆ ಸಮುದ್ರ ನೊರೆ ಅಂತ ಬೆಳ್ಳಗೆ ಒಂದು ತುಂಡು ಸಿಗುತ್ತದೆ, ಪಂಜರಕ್ಕೆ ಕಟ್ಟಿದರೆ ಎರಡು ತಿಂಗಳು ಬರುತ್ತದೆ. ಎಲ್ಲ ಸೇರಿ 350ರಿಂದ 400.

ಕಾಣದ ಖರ್ಚು ಮಳೆಗಾಲದಲ್ಲಿ ಬರುತ್ತದೆ. ಹಕ್ಕಿಯನ್ನು ಬೆಚ್ಚಗಿಡಲು ಬಲ್ಬು, ವೈರು, ಬೂಸ್ಟು ಹಿಡಿದು ಎಸೆದ ಕಾಳು. ಮೊದಲ ವರ್ಷ ಅಗ್ಗ ಅಂತ ಹತ್ತು ಕಿಲೋ ನವಣೆ ತಂದಿಟ್ಟೆ. ಜುಲೈಗೆ ಮೂಟೆ ಬಿಚ್ಚಿದರೆ ಘಮ್ ಅಂತ ಹಳಸಲು ವಾಸನೆ. ಕಾಳಿನ ಬೂಸ್ಟು ಹಕ್ಕಿಯ ಶ್ವಾಸಕೋಶಕ್ಕೇ ಇಳಿಯುತ್ತದೆ. ಎಲ್ಲ ಸುರಿದೆ. ಈಗ ಒಂದೊಂದೇ ಕಿಲೋ ತಂದು, ಒಲೆ ಪಕ್ಕ ಬೆಚ್ಚಗೆ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿಡುತ್ತೇನೆ.

ಗೋಣಿಕೊಪ್ಪ ಹುಡ್ಗ
ಒಲೆ ಪಕ್ಕ ಕಾಳು ಇಡಿ, ಹಕ್ಕಿ ಇಡಬೇಡಿ. ನಮ್ಮ ಮನೆಯಲ್ಲಿ ಚಳಿ ಅಂತ ಪಂಜರವನ್ನು ಅಡುಗೆಮನೆಗೆ ತಂದು ಎರಡು ಬಡ್ಜಿ ಹೊಗೆಗೇ ಹೋದವು.

ಪೊನ್ನಂಪೇಟೆ ಕಾವೇರಿ
ಹೊಗೆ ಒಂದೇ ಅಲ್ಲ. ನಾನ್‌ಸ್ಟಿಕ್ ಕಾವಲಿ! ಖಾಲಿ ಕಾವಲಿ ಜಾಸ್ತಿ ಕಾದರೆ ಬರುವ ಆವಿ ನಮ್ಮ ಮೂಗಿಗೆ ಗೊತ್ತೇ ಆಗುವುದಿಲ್ಲ. ಹಕ್ಕಿ ನಿಮಿಷಗಳಲ್ಲಿ ಸತ್ತುಬೀಳುತ್ತದೆ. ಗಿಳಿ ತಂದ ದಿನವೇ ನಾನು ಕಬ್ಬಿಣದ ಕಾವಲಿಗೆ ವಾಪಸ್ಸು ಹೋದೆ. ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಿ. ಸೊಳ್ಳೆ ಬತ್ತಿ, ಊದುಬತ್ತಿಯೂ ಆ ಕೋಣೆಯಲ್ಲಿ ಬೇಡ.

ಸುಂಟಿಕೊಪ್ಪದ ಅಪ್ಪ
ಅಯ್ಯೋ, ಅತ್ತೆಯ ಊದುಬತ್ತಿ ನಿಲ್ಲಿಸುವುದಾದರೆ ಗಿಳಿ ತರುವುದೇ ಸುಲಭದ ಕೆಲಸ.

ಪೊಟರೆ ಮರಿ ಕ್ಯಾನ್ಸಲ್. ಪಕ್ಕದವರಿಗೂ ಹೇಳಿದೆ, ಒಂದು ಲಕ್ಷ ಅಂದಕೂಡಲೇ ಮಾತು ಬದಲಿಸಿದರು. ಇನ್ನೊಂದು ಕೇಳಬೇಕು. ಮನೆಯಲ್ಲಿ ಬೆಣ್ಣೆಹಣ್ಣು ಧಾರಾಳ ಇದೆ, ಕೊಳೆತು ಬೀಳುತ್ತದೆ. ಗಿಳಿಗೆ ಅದನ್ನೇ ಹಾಕಿದರೆ ಕಾಳಿನ ಖರ್ಚು ಕಮ್ಮಿ ಆಗುತ್ತದಲ್ವಾ?

ಹಕ್ಕಿಹುಚ್ಚು ಸೋಮ್ವಾರಪೇಟೆ
ಬೇಡ!! ಬೆಣ್ಣೆಹಣ್ಣು ಗಿಳಿಗೆ ವಿಷ. ಹಣ್ಣು, ಸಿಪ್ಪೆ, ಎಲೆ ಯಾವುದೂ ಬೇಡ. ಅದರಲ್ಲಿ ಇರುವ ಒಂದು ಅಂಶ ಹಕ್ಕಿಯ ಹೃದಯಕ್ಕೇ ಹೊಡೆಯುತ್ತದೆ. ಕೂತುಕೊಳ್ಳುವ ಕೋಲಿಗೂ ಬೆಣ್ಣೆಹಣ್ಣಿನ ಕೊಂಬೆ ಕಡಿಯಬೇಡಿ. ಸೀಬೆ ಕೊಂಬೆ ಹಾಕಿ, ತೊಗಟೆ ಕಿತ್ತು ಆಟ ಆಡುತ್ತವೆ.

ಗೋಣಿಕೊಪ್ಪ ಹುಡ್ಗ
ಕಾಫಿನೂ ಕೊಡಬಾರದು. ಚಾಕೊಲೇಟೂ ಇಲ್ಲ. ಕೊಡಗಿನ ಗಿಳಿಗೆ ಕಾಫಿನೂ ಇಲ್ಲ, ಬೆಣ್ಣೆಹಣ್ಣೂ ಇಲ್ಲ. ಪಾಪ.

ಅಮ್ಮತ್ತಿ ಅಕ್ಕ
ಸೂಜಿ ಮೆಣಸು ಕೊಡಿ, ಬೇಲಿಯಲ್ಲಿ ಎಷ್ಟು ಬೇಕೋ ಅಷ್ಟಿದೆ. ಗಿಳಿಗೆ ಖಾರವೇ ತಾಗುವುದಿಲ್ಲ. ಕಾಡಿನಲ್ಲಿ ಮೆಣಸಿನ ಬೀಜ ಹರಡುವುದೇ ಹಕ್ಕಿಗಳು.

ಮೂರ್ನಾಡು ಮಾವ
ಮೆಣಸು ಅಂದಾಗ ನೆನಪಾಯಿತು. ಕಾಳುಮೆಣಸು ಈ ವಾರ ಏನು ರೇಟು? ಗೋಣಿಕೊಪ್ಪ ಕಡೆಯವರು ಹೇಳಿ.

ಕರಿಕೋಟು
ಮಾವ, ಇದು ಗಿಳಿ ಚರ್ಚೆ.

ಕುಶಾಲನಗರ ಹೋಂಸ್ಟೇ
ನಾನು ಮೂರು ವರ್ಷದ ಹಿಂದೆ ಗೆಸ್ಟ್‌ಗಳಿಗೆ ಚೆನ್ನಾಗಿರುತ್ತದೆ ಅಂತ ಆಫ್ರಿಕನ್ ಗ್ರೇ ಅನ್ನುವ ಬೂದು ಗಿಳಿ ತರಲು ಹೊರಟೆ. ಅನುಭವ ಹೇಳುತ್ತೇನೆ, ಬೇರೆಯವರು ಬೀಳುವುದು ಬೇಡ.

ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು. ಮಾತಾಡುವ ಆಫ್ರಿಕನ್ ಗ್ರೇ, ಬರೀ 15,000. ಅಂಗಡಿಗಳಲ್ಲಿ ನಲವತ್ತು ಐವತ್ತು ಸಾವಿರಕ್ಕೆ ಕಮ್ಮಿ ಯಾರೂ ಹೇಳುತ್ತಿರಲಿಲ್ಲ. ವಿಡಿಯೋ ಕಳಿಸಿದ. ಗಿಳಿ "ಹಲೋ" ಅಂದಿತು. ಅಡ್ವಾನ್ಸ್ 5,000 ಹಾಕಿದೆ. ಆಮೇಲೆ ಪಂಜರದ ಬಾಕ್ಸ್‌ಗೆ 2,800. ಆಮೇಲೆ ಇನ್ಶೂರೆನ್ಸ್ 4,500, "ಗಿಳಿ ಬಂದಮೇಲೆ ವಾಪಸ್ಸು ಕೊಡುತ್ತೇವೆ ಸರ್". ಆಮೇಲೆ "ಗಾಡಿ ಚೆಕ್‌ಪೋಸ್ಟ್‌ನಲ್ಲಿ ನಿಂತಿದೆ, ಇನ್ನು 6,000 ಹಾಕಿ". ಅಲ್ಲಿಗೆ ನನಗೆ ಎಚ್ಚರ ಆಯಿತು. 12,300 ಹೋಯಿತು. ಗಿಳಿ ಇನ್ನೂ ದಾರಿಯಲ್ಲೇ ಇದೆ!

ಮನೆಯಾಕೆ ಈಗಲೂ ನಾನು ಫೋನ್ ಎತ್ತಿದರೆ ಗಿಳಿ ದನಿಯಲ್ಲಿ "ಹಲೋ" ಅನ್ನುತ್ತಾಳೆ.

ಗೋಣಿಕೊಪ್ಪ ಹುಡ್ಗ
😂😂 ಚೆಕ್‌ಪೋಸ್ಟ್‌ನಲ್ಲಿ ಗಿಳಿ ಪೇಪರ್ ತೋರಿಸುತ್ತಿರಬೇಕು ಅಣ್ಣ.

ಕರಿಕೋಟು
ನಗಬೇಡಿ, ಪೇಪರ್ ನಿಜಕ್ಕೂ ಬೇಕು. ಆಫ್ರಿಕನ್ ಗ್ರೇ ಸೈಟೀಸ್ ಅನ್ನುವ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. 2017ರಿಂದ ಅತಿ ಬಿಗಿ. ಮಕಾವ್, ಕಾಕಟೂ, ಸನ್ ಕನ್ಯೂರ್ ಎಲ್ಲ ಒಂದಲ್ಲ ಒಂದು ಪಟ್ಟಿಯಲ್ಲಿವೆ. ಇಂಥ ವಿದೇಶಿ ಹಕ್ಕಿ ಇದ್ದರೆ 2024ರಲ್ಲಿ ಬಂದ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕೊಂಡದ್ದು, ಕೈ ಬದಲಾಗಿದ್ದು, ಮರಿ ಹಾಕಿದ್ದು, ಸತ್ತದ್ದು ಎಲ್ಲವನ್ನೂ ತಿಳಿಸಬೇಕು. ಬಡ್ಜಿ, ಕಾಕಟೀಲ್, ಗುಲಾಬಿ ಮುಖದ ಲವ್ ಬರ್ಡ್ ಈ ಪಟ್ಟಿಯಲ್ಲಿ ಇಲ್ಲ. ಅವಕ್ಕೆ ಈ ತಲೆನೋವಿಲ್ಲ. ಸುಂಟಿಕೊಪ್ಪದ ಅಪ್ಪ, ಕನ್ಯೂರ್ ಕೊಂಡರೂ ಬಿಲ್ಲು, ಕಾಗದ ಕೇಳಿ ತಗೊಳ್ಳಿ. ಬಿಲ್ಲು ಕೊಡದವನ ಹತ್ತಿರ ಬೇಡವೇ ಬೇಡ.

ಮಡಿಕೇರಿ ಮಂಜು
ಕನ್ಯೂರ್ ಬಗ್ಗೆ ಯಾರೂ ಮುಖ್ಯವಾದದ್ದು ಹೇಳಲೇ ಇಲ್ಲ. ಸದ್ದು. ನನ್ನ ಹತ್ತಿರ ಒಂದಿದೆ, ನಾಲ್ಕು ವರ್ಷ ಆಯಿತು. ಬೆಳಿಗ್ಗೆ ಆರೂವರೆಗೆ ಶುರು ಮಾಡಿದರೆ ಕೆಳಗಿನ ರಸ್ತೆಯ ಮನೆಯವರಿಗೂ ಅಲಾರಂ ಬೇಡ. ಬಾಡಿಗೆ ಮನೆ ಒಂದನ್ನು ಈ ಹಕ್ಕಿಯಿಂದಲೇ ಬಿಟ್ಟೆ. ಶಿಫ್ಟಿಂಗ್, ಹೊಸ ಅಡ್ವಾನ್ಸ್, ಎಲ್ಲ ಗಿಳಿ ಖರ್ಚು ಅಂತಲೇ ನಾನು ಬರೆದಿಡುವುದು. ತಿಂಗಳಿಗೆ ಪೆಲೆಟ್ಸ್ (ಹಕ್ಕಿಗೆ ಅಂತಲೇ ಮಾಡಿದ ಗುಳಿಗೆಯಂಥ ತಿಂಡಿ), ಹಣ್ಣು, ಆಟದ ಸಾಮಾನು ಸೇರಿ 1,500 ದಾಟುತ್ತದೆ. ಆಟದ ಸಾಮಾನು ಅಂದರೆ ಕಡಿದು ಪುಡಿ ಮಾಡುವ ಮರದ ತುಂಡು. ಕೊಡದಿದ್ದರೆ ಕಿಟಕಿ ಚೌಕಟ್ಟು ಕಡಿಯುತ್ತದೆ. ಹಳೇ ಕಾಲದ ಬೀಟೆ ಚೌಕಟ್ಟು, ಅದರ ಬೆಲೆ ನಾನು ಹೇಳುವುದಿಲ್ಲ.

ಹಾಗಂತ ಕೊಟ್ಟುಬಿಡುತ್ತೀಯಾ ಅಂದರೆ, ಇಲ್ಲ. ಸಂಜೆ ಶರ್ಟಿನ ಒಳಗೆ ನುಗ್ಗಿ ಮಲಗುತ್ತದೆ.

ಹಕ್ಕಿಹುಚ್ಚು ಸೋಮ್ವಾರಪೇಟೆ
ಪೆಲೆಟ್ಸ್ ಅಂಗಡಿಯವರ ವ್ಯಾಪಾರ. ನವಣೆ, ಸೊಪ್ಪು ಸಾಕು.

ಮಡಿಕೇರಿ ಮಂಜು
ಅದು ನಿಮ್ಮ ಕಾಕಟೀಲ್‌ಗೆ ಸಾಕಾಗಬಹುದು. ಬರೀ ಕಾಳು ತಿಂದ ಹಕ್ಕಿಗೆ ಎ ವಿಟಮಿನ್ ಕಮ್ಮಿ ಆಗುತ್ತದೆ, ಲಿವರ್ ಹಾಳಾಗುತ್ತದೆ ಅಂತ ಡಾಕ್ಟರೇ ನನಗೆ ಹೇಳಿದ್ದು. ವ್ಯಾಪಾರ ಅಂತ ಎಲ್ಲವನ್ನೂ ತಳ್ಳಿಹಾಕಬೇಡಿ.

ಹಕ್ಕಿಹುಚ್ಚು ಸೋಮ್ವಾರಪೇಟೆ
ಅದಕ್ಕೇ ಸೊಪ್ಪು ಅಂದದ್ದು. ಕ್ಯಾರೆಟ್, ಸಿಹಿಕುಂಬಳ, ನುಗ್ಗೆ ಸೊಪ್ಪು. ಸರಿ, ಜಗಳ ಬೇಡ.

ವೀರಾಜಪೇಟೆ ಬೇಬಿ
ಬಡ್ಜಿ ತರುವವರಿಗೆ ನನ್ನದೊಂದು ಎಚ್ಚರಿಕೆ. ಪಂಜರದ ಜೊತೆ ಅಂಗಡಿಯವರು ಒಂದು ಮಣ್ಣಿನ ಮಡಕೆ ಕೊಡುತ್ತಾರೆ. ಚೆಂದ ಕಾಣುತ್ತದೆ ಅಂತ ಕಟ್ಟಬೇಡಿ. ಮಡಕೆ ಕಂಡರೆ ಮೊಟ್ಟೆ ಇಡುತ್ತವೆ. ನಾನು ಎರಡು ತಂದೆ. ಒಂದೂವರೆ ವರ್ಷದಲ್ಲಿ ಹದಿನಾಲ್ಕು. ಪಂಜರ ಮೂರಾಯಿತು, ಕಾಳು ತಿಂಗಳಿಗೆ ನಾಲ್ಕು ಕಿಲೋ ಆಯಿತು. ಕೊನೆಗೆ ಯಾರ ಮನೆಗೆ ಹೋದರೂ "ಹಕ್ಕಿ ಬೇಕಾ" ಅಂತಲೇ ಮಾತು ಶುರು. ನೆಂಟರು ನನ್ನ ಫೋನ್ ಎತ್ತುವುದನ್ನೇ ಬಿಟ್ಟರು. ಒಂದು ಹೆಣ್ಣು ಮೊಟ್ಟೆ ಸಿಕ್ಕಿಹಾಕಿಕೊಂಡು ಸತ್ತಿತು. ಆಮೇಲೆ ಮಡಕೆ ಎಲ್ಲ ತೆಗೆದೆ.

ಸಿದ್ದಾಪುರ ತೋಟ
ಹದಿನಾಲ್ಕು ಇದ್ದರೆ ನಮ್ಮ ಮನೆಗೆ ಬರುತ್ತಿದ್ದ ಕೇರೆಹಾವಿಗೆ ಹಬ್ಬ. ನಾಲ್ಕು ಬಡ್ಜಿ ಇದ್ದವು, ಪಂಜರ ವರಾಂಡದಲ್ಲಿ. ಒಂದು ಬೆಳಿಗ್ಗೆ ನೋಡಿದರೆ ಹಕ್ಕಿ ಎರಡೇ, ಜೊತೆಗೆ ಹಾವು. ಎರಡು ನುಂಗಿ ಹೊಟ್ಟೆ ಊದಿ, ಕಂಬಿ ಸಂದಿಯಿಂದ ಹೊರಗೆ ಬರಲಾಗದೆ ಅದೇ ಪಂಜರದಲ್ಲಿ ಮಲಗಿದೆ! ಉಳಿದ ಎರಡು ಮೇಲಿನ ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಹಾವು ಹಿಡಿಯುವವರನ್ನು ಕರೆಸಿದೆ. ಅವರು ದುಡ್ಡು ಬೇಡ ಅಂದರು, ನಾನೇ 500 ಪೆಟ್ರೋಲಿಗೆ ಕೊಟ್ಟೆ.

ಆಮೇಲೆ ಅರ್ಧ ಇಂಚಿನ ಮೆಶ್ ಹಾಕಿಸಿದೆ, ಅದಕ್ಕೆ 1,800. ಹೊಸ ಜಿಐ ಮೆಶ್, ಅಂದರೆ ಸತುವಿನ ಲೇಪ ಇರುವ ಜಾಲರಿ ಆದರೆ ಮೊದಲು ವಿನೆಗರ್ ಹಾಕಿ ಉಜ್ಜಿ ತೊಳೆಯಿರಿ. ಗಿಳಿ ಕಂಬಿ ಕಚ್ಚುತ್ತಲೇ ಇರುತ್ತದೆ, ಸತುವು ಹೊಟ್ಟೆಗೆ ಹೋದರೆ ವಿಷ.

ಅಮ್ಮತ್ತಿ ಅಕ್ಕ
ಅಯ್ಯಪ್ಪಾ, ಈ ಹಾವಿನ ಕಥೆ ಓದಿ ನನಗೆ ನಿದ್ದೆ ಬರುವುದಿಲ್ಲ.

ಮಡಿಕೇರಿ ಮಂಜು
ಡಾಕ್ಟರ್ ಖರ್ಚು ಯಾರೂ ಬರೆದಿಲ್ಲ. ಅದೇ ದೊಡ್ಡದು. ನಮ್ಮಲ್ಲಿ ದನ, ನಾಯಿ, ಹಂದಿ ನೋಡುವ ಒಳ್ಳೆಯ ಡಾಕ್ಟರ್‌ಗಳಿದ್ದಾರೆ. ಗಿಳಿಯನ್ನೇ ನೋಡಿ ಪಳಗಿದವರು ಬೇಕಾದರೆ ನಾನು ಮೈಸೂರಿಗೆ ಇಳಿಯುತ್ತೇನೆ, ಆಗದಿದ್ದರೆ ಬೆಂಗಳೂರು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಹೋದ ಆಗಸ್ಟ್‌ನಲ್ಲಿ ಕನ್ಯೂರ್ ಪುಕ್ಕ ಉಬ್ಬಿಸಿಕೊಂಡು ಕೂತಿತು, ತಿನ್ನಲಿಲ್ಲ. ಡಾಕ್ಟರ್ ಫೀಸು, ಔಷಧಿ 900. ಟ್ಯಾಕ್ಸಿ 4,000. ಬಸ್ಸಿನಲ್ಲಿ ಹೋಗಬಹುದಿತ್ತು, ಆ ಮಳೆಯಲ್ಲಿ ಧೈರ್ಯ ಬರಲಿಲ್ಲ.

ಗಿಳಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಕಾಡಿನಲ್ಲಿ ಸೋತ ಹಾಗೆ ಕಂಡರೆ ಯಾರಾದರೂ ಹಿಡಿದು ತಿನ್ನುತ್ತಾರಲ್ಲ, ಅದಕ್ಕೆ. ನಮಗೆ ಗೊತ್ತಾಗುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. 400 ರೂಪಾಯಿಯ ಅಡುಗೆಮನೆ ತಕ್ಕಡಿ ತಂದು ವಾರಕ್ಕೊಮ್ಮೆ ತೂಕ ನೋಡಿ. ಹತ್ತು ಪರ್ಸೆಂಟ್ ಇಳಿದರೆ ಅವತ್ತೇ ಫೋನ್ ಮಾಡಿ. ನಾನು ಖರ್ಚು ಮಾಡಿದ್ದರಲ್ಲಿ ದಂಡ ಆಗದ್ದು ಆ 400 ಒಂದೇ.

ಗೋಣಿಕೊಪ್ಪ ಹುಡ್ಗ
600 ರೂಪಾಯಿ ಬಡ್ಜಿಗೆ 4,000 ಟ್ಯಾಕ್ಸಿ ಮಾಡುತ್ತೀರಾ? ನಿಜ ಹೇಳಿ.

ಮಡಿಕೇರಿ ಮಂಜು
ನಾನು ಮಾಡುತ್ತೇನೆ. ಮಾಡದವರೇ ಜಾಸ್ತಿ, ಗೊತ್ತು. ಅದಕ್ಕೇ ಸುಂಟಿಕೊಪ್ಪದವರು ಈ ಪ್ರಶ್ನೆಗೆ ಮನೆಯಲ್ಲಿ ಮೊದಲೇ ಉತ್ತರ ಹುಡುಕಿಟ್ಟುಕೊಳ್ಳಲಿ. ಮಗಳು ಅಳುತ್ತಾ ನಿಂತಾಗ ಲೆಕ್ಕ ಹಾಕಲು ಆಗುವುದಿಲ್ಲ.

ಮಾದಾಪುರ ಸುಮ
ದುಡ್ಡಿನ ಮಾತು ಆಯಿತು. ನನ್ನದು ಬೇರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾವು ಮನೆ ಬಿಟ್ಟೆವು. ಹತ್ತು ನಿಮಿಷ ಸಿಕ್ಕಿತು. ಗಂಡ ಕಾಗದಪತ್ರದ ಚೀಲ ಹಿಡಿದರು, ನಾನು ಅಮ್ಮನ ಕೈ ಹಿಡಿದೆ, ಮಗ ಪಂಜರ ಹಿಡಿದ. ಬಡ್ಜಿ ಎರಡು. ಪರಿಹಾರ ಕೇಂದ್ರದಲ್ಲಿ ಕೆಲವರು ಬೈದರು, "ಮನುಷ್ಯರಿಗೇ ಜಾಗ ಇಲ್ಲ" ಅಂತ. ಅವರದ್ದೂ ತಪ್ಪಲ್ಲ. ಆದರೆ ಸಂಜೆ ಹೊತ್ತಿಗೆ ಅಲ್ಲಿದ್ದ ಅಷ್ಟೂ ಮಕ್ಕಳು ಆ ಪಂಜರದ ಸುತ್ತ. ಬೈದವರ ಮಗಳೇ ಕಾಳು ಹಾಕುತ್ತಿದ್ದಳು.

ಈಗ ಹಕ್ಕಿ ಇಲ್ಲ. ಪಂಜರ ಇದೆ.

ಅಮ್ಮತ್ತಿ ಅಕ್ಕ
🙏

ಭಾಗಮಂಡಲ ಭಟ್ಟ
ನನಗೆ ಒಂದು ಅರ್ಥ ಆಗುವುದಿಲ್ಲ ಮಾರಾಯ್ರೆ. ಕೊಡಗಿನಲ್ಲಿ ಕೂತು ಗಿಳಿ ನೋಡಲು ದುಡ್ಡು ಯಾಕೆ? ಹಾಲುವಾಣ ಹೂ ಬಿಟ್ಟಾಗ ತೋಟಕ್ಕೆ ಹೋಗಿ ನಿಲ್ಲಿ. ಕೆಂಪು ತಲೆಯದು, ನೀಲಿ ರೆಕ್ಕೆಯದು, ಎಲ್ಲ ತಲೆಕೆಳಗಾಗಿ ನೇತಾಡಿ ಹೂ ತಿನ್ನುತ್ತವೆ. ಖರ್ಚು ಸೊನ್ನೆ.

ಮೂರ್ನಾಡು ಮಾವ
ಖರ್ಚು ಸೊನ್ನೆಯಾ? ಪುತ್ತರಿ ಹೊತ್ತಿಗೆ ನನ್ನ ಗದ್ದೆಗೆ ಬಂದು ನೋಡಿ. ತೆನೆ ಕಚ್ಚಿ ಹಾರುತ್ತವೆ. ಕೊಡಗಿನಲ್ಲಿ ಅತಿ ಜಾಸ್ತಿ ಗಿಳಿ ಸಾಕುತ್ತಿರುವವನು ನಾನೇ, ಪಂಜರ ಇಲ್ಲ ಅಷ್ಟೇ.

ಗೋಣಿಕೊಪ್ಪ ಹುಡ್ಗ
ಮಾವ ಈ ಸಲ ಗೆದ್ದರು.

ಸುಂಟಿಕೊಪ್ಪದ ಅಪ್ಪ
ಎಲ್ಲವನ್ನೂ ಕೂತು ಓದಿದೆ. ಮಗಳನ್ನೂ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆದೆವು. ಕಾಕಟೀಲ್ ಜೋಡಿ 4,000, ಪಂಜರ 4,500, ತಕ್ಕಡಿ 400, ಬಲ್ಬು ವೈರು 600, ಹೊಸ ಕಾವಲಿ 700. ಅಲ್ಲಿಗೆ 10,200. ಹಕ್ಕಿ ಮನೆಗೆ ಬರುವ ಮೊದಲೇ ಬಜೆಟ್ ದಾಟಿತು. ಡಾಕ್ಟರ್‌ಗೆ ಅಂತ ವರ್ಷಕ್ಕೆ 5,000 ಬೇರೆ ಎತ್ತಿಡಬೇಕು.

ಆಮೇಲೆ ವಯಸ್ಸು. ಕಾಕಟೀಲ್ ಹದಿನೈದರಿಂದ ಇಪ್ಪತ್ತು ವರ್ಷ ಬದುಕುತ್ತದೆ ಅಂತ ಓದಿದೆ. ಮಗಳಿಗೆ ಆಗ ಇಪ್ಪತ್ತೊಂಬತ್ತು. "ನೀನು ಕಾಲೇಜಿಗೆ ಹೋದಮೇಲೆ ಯಾರು ನೋಡುತ್ತಾರೆ" ಅಂದೆ. ತಕ್ಷಣ "ಅಜ್ಜಿ" ಅಂದಳು. ಅಜ್ಜಿಗೆ ಈಗ ಎಪ್ಪತ್ತೊಂದು.

ಕುಶಾಲನಗರ ಹೋಂಸ್ಟೇ
ಅದಕ್ಕೆ ಆಫ್ರಿಕನ್ ಗ್ರೇ ಬೇಡ ಅಂದದ್ದು. ಅದು ನಲವತ್ತು ಐವತ್ತು ವರ್ಷ. ವಿಲ್ ಬರೆಯುವಾಗ ತೋಟದ ಜೊತೆ ಅದನ್ನೂ ಯಾರಿಗೆ ಅಂತ ಬರೆಯಬೇಕು.

ನಾಪೋಕ್ಲು ಟೀಚರ್
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈಗ ಬರೆಯುತ್ತೇನೆ. ನನ್ನ ಹತ್ತಿರ ಕಾಕಟೀಲ್ ಜೋಡಿ ಇದೆ. ಗಂಡಿಗೆ ಏಳು ವರ್ಷ, ಹೆಣ್ಣಿಗೆ ಐದು. ನಾನು ರಿಟೈರ್ ಆಗಿ ಬೆಂಗಳೂರಿಗೆ ಮಗನ ಮನೆಗೆ ಹೋಗುತ್ತಿದ್ದೇನೆ. ಮೊಮ್ಮಗನಿಗೆ ಆಸ್ತಮಾ. ಕಾಕಟೀಲ್ ಮೈಯಿಂದ ಬಿಳಿ ಪುಡಿ ಉದುರುತ್ತದೆ, ಅದು ಆ ಮಗುವಿಗೆ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಇಲ್ಲಿಗೇ ನಿಲ್ಲಿಸಿ.

ಇಲ್ಲದಿದ್ದರೆ ಪಂಜರದ ಸಮೇತ ಕೊಡುತ್ತೇನೆ. ದುಡ್ಡು ಬೇಡ. ಒಂದು ಷರತ್ತು ಇದೆ. ಮಗಳು ಮೂರು ಭಾನುವಾರ ನಮ್ಮ ಮನೆಗೆ ಬರಬೇಕು. ಪಂಜರ ತೊಳೆಯಬೇಕು, ನೀರು ಬದಲಿಸಬೇಕು, ಹಿಕ್ಕೆ ಬಳಿಯಬೇಕು. ಮೂರನೇ ವಾರಕ್ಕೂ ಬೇಕು ಅಂದರೆ ಹಕ್ಕಿ ಅವಳದ್ದು.

ಪೊನ್ನಂಪೇಟೆ ಕಾವೇರಿ
ಟೀಚರ್ ಅಂದರೆ ಟೀಚರೇ. ಹೋಂವರ್ಕ್ ಕೊಟ್ಟೇ ಬಿಟ್ಟರು.

ಗೋಣಿಕೊಪ್ಪ ಹುಡ್ಗ
ಅಟೆಂಡೆನ್ಸ್ ಎಪ್ಪತ್ತೈದು ಪರ್ಸೆಂಟ್ ಇರಬೇಕಾ ಟೀಚರ್?

ನಾಪೋಕ್ಲು ಟೀಚರ್
ನೂರು.

ಸುಂಟಿಕೊಪ್ಪದ ಅಪ್ಪ
ಮೊದಲ ಭಾನುವಾರ ಮುಗಿಯಿತು. ವರದಿ ಒಪ್ಪಿಸುತ್ತೇನೆ.

ಹೆಗಲ ಮೇಲೆ ಕೂರುತ್ತದೆ ಅಂತ ಇವಳು ಹೊಸ ಫ್ರಾಕ್ ಹಾಕಿಕೊಂಡು ಬಂದಿದ್ದಳು. ಅದು ಹತ್ತಿರವೂ ಬರಲಿಲ್ಲ. ಪಂಜರಕ್ಕೆ ಕೈ ಹಾಕಿದಾಗ ಗಂಡು ಕಚ್ಚಿತು, ರಕ್ತ ಬಂತು. ಅಳುತ್ತಾಳೆ ಅಂದುಕೊಂಡೆ. ಟೀಚರ್ ಅರಿಶಿನ ಹಚ್ಚಿ, "ಅದರ ಮನೆಗೆ ಹೇಳದೆ ಕೇಳದೆ ನುಗ್ಗಿದರೆ ಕಚ್ಚದೆ ಏನು ಮಾಡುತ್ತೆ ಮಗಳೇ" ಅಂದರು. ಆಮೇಲೆ ಒಂದು ಗಂಟೆ ಪಂಜರದ ಮುಂದೆ ಸುಮ್ಮನೆ ಕೂತಿದ್ದಳು. ಟ್ರೇ ತೊಳೆದಳು, ಮೂಗು ಮುಚ್ಚಿಕೊಂಡು.

ಎರಡನೇ ಭಾನುವಾರ ಅತ್ತೆಯೂ ಬರುತ್ತಾರಂತೆ. ಗಂಡು ಶಿಳ್ಳೆ ಹಾಕುವುದನ್ನು ಫೋನಿನಲ್ಲಿ ಕೇಳಿ ಖುಷಿಯಾಗಿದ್ದಾರೆ. ಊದುಬತ್ತಿಯನ್ನು ತುಳಸಿ ಕಟ್ಟೆ ಹತ್ತಿರವೇ ಹಚ್ಚುತ್ತೇನೆ ಅಂತ ಅವರಾಗಿಯೇ ಹೇಳಿದರು. ನಾನು ಉಸಿರೆತ್ತಲಿಲ್ಲ.

ಕಬ್ಬಿಣದ ಕಾವಲಿ ಬಂತು. ಹಳೆಯ ನಾನ್‌ಸ್ಟಿಕ್ ಇದೆ, ಒಂದೇ ವರ್ಷ ಬಳಸಿದ್ದು. ಯಾರಿಗಾದರೂ ಬೇಕಾ?

ಮೂರ್ನಾಡು ಮಾವ
ನನಗಿರಲಿ. ನಮ್ಮ ಮನೆಯಲ್ಲಿ ಹಕ್ಕಿ ಇಲ್ಲ, ಬರೀ ಕೋಳಿ.

ಹಕ್ಕಿಹುಚ್ಚು ಸೋಮ್ವಾರಪೇಟೆ
ಕೋಳಿನೂ ಹಕ್ಕಿನೇ ಮಾವ.

ಮೂರ್ನಾಡು ಮಾವ
ನಮ್ಮಲ್ಲಿ ಅದು ಕಾವಲಿ ಹತ್ತಿರ ಬರುವಾಗ ಜೀವ ಇರುವುದಿಲ್ಲ. ಶುಕ್ರವಾರ ಮಡಿಕೇರಿ ಸಂತೆಗೆ ಬರುತ್ತೇನೆ, ತಂದುಕೊಡಿ. ಕಾಳುಮೆಣಸು ರೇಟು ಇನ್ನೂ ಯಾರೂ ಹೇಳಿಲ್ಲ.